ಪದ್ಮಿನಿಯ ತುಕ್ಕು: ಕೆರೆದರೆ ಸಾಲದು, ಉಪ್ಪು ತೊಳೆಯಬೇಕು

ನಮ್ಮ ಮನೆಯಿಂದ ಮಲ್ಪೆ ಕಡಲಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಮಾವನ 1986ರ ಪ್ರೀಮಿಯರ್ ಪದ್ಮಿನಿ ಕಾರು ಐದು ಮಳೆಗಾಲ ಶೀಟಿನ ಮಾಡಿನ ಅಡಿಯಲ್ಲಿ ಸುಮ್ನೆ ನಿಂತಿತ್ತು. ಹೋದ ವರ್ಷ ಒಂದು ವರ್ಕ್‌ಶಾಪಿಗೆ ಕೊಟ್ಟೆವು. ತುಕ್ಕು ಕೆರೆದು, ಪುಟ್ಟಿ ಹಾಕಿ, ಪೇಂಟ್ ಹೊಡೆದು ಹೊಳೆಯುವ ಹಾಗೆ ಮಾಡಿಕೊಟ್ಟರು. ಮಳೆಗಾಲದ ಆಟಿ ತಿಂಗಳು ಮುಗಿಯುವುದರೊಳಗೆ ಬಾಗಿಲಿನ ಕೆಳಗೆ ಹಪ್ಪಳದ ಹಾಗೆ ಗುಳ್ಳೆ ಎದ್ದವು. ಈ ಸಲ ನಾನೇ ಕೈ ಹಾಕಿದೆ. ಮೂರು ತಿಂಗಳು ಒದ್ದಾಡಿ ಕಲಿತದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಗ್ರೈಂಡರ್ ಹಿಡಿಯುವುದು, ಪೇಂಟ್ ಗನ್ ಆಡಿಸುವುದು ಇಲ್ಲಿ ಇಲ್ಲ, ಅದು ನೋಡಿ ನೋಡಿ ಬರುತ್ತದೆ.

ಎಲ್ಲಿ ಹುಡುಕಬೇಕು

ಬಾಗಿಲಿನ ಕೆಳ ಅಂಚು, ಕಾಲಿಡುವ ಜಾಗದ ಮ್ಯಾಟ್ ಅಡಿ, ರನ್ನಿಂಗ್ ಬೋರ್ಡ್ (ಬಾಗಿಲಡಿಯ ಉದ್ದದ ಟೊಳ್ಳು ಪಟ್ಟಿ), ಚಕ್ರದ ಮೇಲಿನ ಕಮಾನು, ಗಾಜಿನ ಬೀಡಿಂಗ್ ಒಳಗೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಜಾಗ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ರನ್ನಿಂಗ್ ಬೋರ್ಡ್ ಒಳಗೆ ತಿಂದಿದ್ದರೆ ಅದು ಅಂದದ ವಿಷಯ ಅಲ್ಲ, ಗಾಡಿಯ ಸೊಂಟದ ವಿಷಯ. ಜ್ಯಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಠಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಏನೂ ಉಳಿದಿಲ್ಲ. ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೈಯೆಲ್ಲ ಸವರಿದರೆ ಪುಟ್ಟಿ ಎಲ್ಲಿ ದಪ್ಪ ಇದೆ ಅಂತ ಗೊತ್ತಾಗುತ್ತದೆ. ನಮ್ಮ ಗಾಡಿಯ ಎಡ ಬಾಗಿಲಲ್ಲಿ ಅಯಸ್ಕಾಂತ ಅಂಟಲೇ ಇಲ್ಲ.

ತೂತು ಬಿದ್ದಿದ್ದರೆ ಮುಂದಿನದ್ದೆಲ್ಲ ಬಿಡಿ, ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ಒಂದರ ಮೇಲೊಂದು ಹೊದಿಸಿ ಮಾಡಿಸಬೇಡಿ, ಎರಡು ತಗಡಿನ ನಡುವೆ ನೀರು ಕೂತು ಮತ್ತೆ ಅದೇ ಕಥೆ. ಅಂಚಿಗೆ ಅಂಚು ಕೂರಿಸಬೇಕು.

ನನ್ನ ತಲೆ ಕೆಡಿಸಿದ ಭಾಗ

ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು, ಇದು ಶಾಲೆಯಲ್ಲೇ ಓದಿದ್ದು. ಹಾಗಾದರೆ ತುಕ್ಕು ಪೂರ್ತಿ ಕೆರೆದು, ಗಾಳಿ ನೀರು ತಾಗದ ಹಾಗೆ ಪೇಂಟ್ ಹೊಡೆದರೆ ಮುಗಿಯಬೇಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಘಟ್ಟದ ಮೇಲಿನ ಗಾಡಿಗೆ ಅದು ಬಹುಮಟ್ಟಿಗೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಇಲ್ಲಿ ನಾಲ್ಕನೆಯ ಆಸಾಮಿ ಇದ್ದಾನೆ, ಉಪ್ಪು.

ಉಪ್ಪು ಎರಡು ಕೆಲಸ ಮಾಡುತ್ತದೆ. ಒಂದು, ಗಾಳಿಯಿಂದ ತೇವ ಎಳೆಯುತ್ತದೆ. ಅಡುಗೆ ಉಪ್ಪು ಗಾಳಿಯ ತೇವಾಂಶ 75 ಶೇಕಡಾ ದಾಟಿದರೆ ನೀರಾಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ 33 ಶೇಕಡಾ ಸಾಕು. ಅಂದರೆ ಮಳೆ ಇಲ್ಲದ ದಿನವೂ ಆ ಜಾಗ ಒಳಗೊಳಗೇ ಒದ್ದೆ. ಭರಣಿಯ ಉಪ್ಪು ಜೂನ್‌ನಲ್ಲಿ ಏನಾಗುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಎರಡನೆಯದು ನನಗೆ ತಡವಾಗಿ ಹೊಳೆದದ್ದು. ಉಪ್ಪಿನಲ್ಲಿರುವ ಕ್ಲೋರೈಡ್ ಕಬ್ಬಿಣದ ಜೊತೆ ಸೇರಿ ಫೆರಸ್ ಕ್ಲೋರೈಡ್ ಆಗುತ್ತದೆ. ಅದಕ್ಕೆ ಗಾಳಿ, ತೇವ ತಾಗಿದಾಗ ಕಬ್ಬಿಣ ತುಕ್ಕಾಗಿ ಉಳಿದು, ಕ್ಲೋರೈಡ್ ಆಸಿಡ್ ರೂಪದಲ್ಲಿ ಬಿಡುಗಡೆ ಆಗುತ್ತದೆ. ಬಿಡುಗಡೆ ಆದದ್ದು ಪಕ್ಕದ ಹೊಸ ಕಬ್ಬಿಣವನ್ನು ಹಿಡಿಯುತ್ತದೆ. ಉಪ್ಪು ಖರ್ಚಾಗುವುದೇ ಇಲ್ಲ! ಹಾಲಿಗೆ ಹಾಕುವ ಹೆಪ್ಪಿನ ಹಾಗೆ, ಚಮಚದಷ್ಟು ಉಳಿದರೂ ನಾಳೆಯ ಪಾತ್ರೆಗೆ ಸಾಕು. ನಾವು ಗ್ರೈಂಡರ್ ಹಿಡಿದು ಮೇಲಿನ ಮೊಸರನ್ನೆಲ್ಲ ತೆಗೆಯುತ್ತೇವೆ, ತಗಡಿನ ಸಣ್ಣ ಸಣ್ಣ ಕುಳಿಗಳಲ್ಲಿ ಹೆಪ್ಪು ಹಾಗೇ ಇರುತ್ತದೆ. ಅದರ ಮೇಲೆ ಪೇಂಟ್. ಪೇಂಟ್ ಎಷ್ಟೇ ಒಳ್ಳೆಯದಿದ್ದರೂ ಸ್ವಲ್ಪ ತೇವ ಬಿಟ್ಟುಕೊಡುತ್ತದೆ, ಉಪ್ಪು ಅದನ್ನು ಎಳೆದುಕೊಳ್ಳುತ್ತದೆ, ತುಕ್ಕು ಹುಟ್ಟುತ್ತದೆ, ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಗುಳ್ಳೆ ಏಳುತ್ತದೆ. ಪಾಪ, ಪುಟ್ಟಿಯನ್ನು ಮಾತ್ರ ಬೈದು ಉಪಯೋಗ ಇರಲಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಕೆರೆದ ಮೇಲೆ ತೊಳೆಯಬೇಕು. ನೀರಿನಲ್ಲಿ. ಬರಿ ಕಬ್ಬಿಣವನ್ನು! ನನಗೆ ಇದನ್ನು ಒಪ್ಪಿಕೊಳ್ಳಲು ಎರಡು ವಾರ ಹಿಡಿಯಿತು. ಹೊಸ ತುಕ್ಕು ಬರಲ್ವಾ ಅಂದರೆ, ಬರುತ್ತದೆ, ಊಟ ಮಾಡಿ ಬರುವುದರೊಳಗೆ ಅರಿಶಿನ ಸವರಿದ ಹಾಗೆ ಆಗಿರುತ್ತದೆ. ಆದರೆ ಅದು ಮೇಲುಮೇಲಿನದು, ಎಮ್ರಿ ಪೇಪರಿನಲ್ಲಿ ನಾಲ್ಕು ಸಲ ಉಜ್ಜಿದರೆ ಹೋಗುತ್ತದೆ. ಉಪ್ಪು ಉಜ್ಜಿದರೆ ಹೋಗುವುದಿಲ್ಲ, ಕರಗಿಸಿಯೇ ತೆಗೆಯಬೇಕು. ಬಚ್ಚಲಿನ ಹಂಡೆಯ ಬಿಸಿನೀರು, ಗಟ್ಟಿ ನೈಲಾನ್ ಬ್ರಷ್, ಉಜ್ಜುವುದು, ಸುರಿಯುವುದು, ಒರೆಸುವುದು. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ತಕ್ಷಣ ಹೇರ್ ಡ್ರೈಯರ್ ಹಿಡಿದು ಒಣಗಿಸುವುದು. ಮನೆಯಲ್ಲಿ ನಕ್ಕರು, ನಗಲಿ.

ಉಪ್ಪು ಹೋಯಿತೇ ಅಂತ ಗೊತ್ತಾಗಲು ಪಿಯುಸಿ ಲ್ಯಾಬಿನ ಪರೀಕ್ಷೆ ನೆನಪಾಯಿತು. ತೊಳೆದ ನೀರಿಗೆ ಸ್ವಲ್ಪ ನೈಟ್ರಿಕ್ ಆಸಿಡ್, ಆಮೇಲೆ ಎರಡು ಹನಿ ಸಿಲ್ವರ್ ನೈಟ್ರೇಟ್. ಕ್ಲೋರೈಡ್ ಇದ್ದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯ ಮಾಡಿ ತೋರಿಸಿದ. ಏಳು ಸಲ ತೊಳೆದರೂ ಬಿಳಿ, ಎಂಟನೆಯ ಸಲವೂ ಬಿಳಿ. ಆಮೇಲೆ ಅವನೇ ಕೇಳಿದ, ನಿಮ್ಮ ಬಾವಿ ನೀರು ಹಾಕಿ ನೋಡಿದ್ದೀಯಾ ಅಂತ. ಹಾಕಿದೆವು. ಬಿಳಿ! ಕಡಲ ಬದಿಯ ಬಾವಿ, ನೀರೇ ಸವುಳು. ಉಪ್ಪು ತೆಗೆಯಲು ಉಪ್ಪು ನೀರು ಸುರಿಯುತ್ತಿದ್ದೆ. ಆದ್ದರಿಂದ ಮೊದಲು ನಿಮ್ಮ ನೀರನ್ನು ಪರೀಕ್ಷಿಸಿ. ನಾನು ಆಮೇಲೆ ನಲ್ಲಿ ನೀರು ತಂದೆ, ಪರೀಕ್ಷೆಗೆ ಮಾತ್ರ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದದ್ದನ್ನು ಕೊಟ್ಟೆ.

ಸಿಲ್ವರ್ ನೈಟ್ರೇಟ್ ಸಿಗದವರಿಗೆ ಇನ್ನೊಂದು ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. ತೊಳೆದು ಒಣಗಿಸಿ ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ನೋಡಿದರೆ ಎಲ್ಲ ಕಡೆ ಒಂದೇ ಸಮ ಹೊಗೆ ಹಿಡಿದ ಹಾಗಿದ್ದರೆ ಚಿಂತೆ ಇಲ್ಲ. ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಕಡು ಕಂದು ಬಣ್ಣ, ಬೆವರಿದ ಹಾಗೆ ಹನಿ ಕಂಡರೆ, ಉಪ್ಪು ಕೂತಿರುವುದು ಸರಿಯಾಗಿ ಅಲ್ಲೇ. ಚಾಕ್‌ಪೀಸಿನಲ್ಲಿ ಗುರುತು ಮಾಡಿ, ಆ ಜಾಗವನ್ನಷ್ಟೇ ಮತ್ತೆ ಕೆರೆದು ತೊಳೆಯಿರಿ. ಎಡ ಬಾಗಿಲಿಗೆ ನಾಲ್ಕು ರಾತ್ರಿ ಬೇಕಾಯಿತು.

ಕನ್ವರ್ಟರ್

ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್ ಅಂದರೆ ಹೆಚ್ಚಾಗಿ ಟ್ಯಾನಿಕ್ ಆಸಿಡ್ ಅಥವಾ ಫಾಸ್ಫರಿಕ್ ಆಸಿಡ್, ಕೆಲವದರಲ್ಲಿ ಎರಡೂ. ಟ್ಯಾನಿಕ್ ಆಸಿಡ್ ನಮಗೆ ಹೊಸದಲ್ಲ. ಬಾಳೆಕಾಯಿ ಹೆಚ್ಚಿದರೆ ಕಬ್ಬಿಣದ ಕತ್ತಿ ಕಪ್ಪಾಗುತ್ತದೆ, ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದರು. ಅದೇ ಚೊಗರು, ಅದೇ ಕಪ್ಪು. ಕೆಂಪು ತುಕ್ಕು ಕಪ್ಪು ಪದರವಾಗಿ ಬದಲಾಗಿ ಅಲ್ಲೇ ನಿಲ್ಲುತ್ತದೆ.

ಹಚ್ಚಲು ತುಕ್ಕು ಇರಬೇಕು, ಆದರೆ ತೆಳ್ಳಗೆ ಇರಬೇಕು. ಹೊಳೆಯುವ ತಗಡಿಗೆ ಹಚ್ಚಿ ಪ್ರಯೋಜನ ಇಲ್ಲ, ಚಕ್ಕೆ ಏಳುವ ದಪ್ಪ ತುಕ್ಕಿನ ಒಳಗೆ ಅದು ಇಳಿಯುವುದೇ ಇಲ್ಲ. ಹಾಗಾಗಿ ಬ್ರಷ್ ಹೋಗದ ಕುಳಿಗಳಿಗೆ, ಮಡಿಕೆಗಳಿಗೆ ಮಾತ್ರ. ಉಪ್ಪು ತೊಳೆಯುವ ಕೆಲಸ ಅದರದ್ದಲ್ಲ, ಕನ್ವರ್ಟರ್ ಹಚ್ಚುವ ಮೊದಲೇ ಮುಗಿಸಿರಬೇಕು. ಫಾಸ್ಫರಿಕ್ ಇರುವುದನ್ನು ಹಚ್ಚಿದರೆ ಡಬ್ಬಿಯಲ್ಲಿ ಹೇಳಿದ ಹಾಗೆ ಉಳಿದ ಆಸಿಡ್ ತೊಳೆದು ತೆಗೆಯಿರಿ. ಆಸಿಡ್ ಉಳಿದರೆ ಅದರ ಮೇಲೆ ಎಪಾಕ್ಸಿ ಪ್ರೈಮರ್ (ಪೇಂಟಿನ ಅಡಿಯ ಮೊದಲ ಪದರ) ಸರಿಯಾಗಿ ಕಚ್ಚುವುದಿಲ್ಲ. ನಾನು ತೊಳೆಯದೆ ಹೊಡೆದ ಒಂದು ಅಂಗೈಯಗಲದ ಜಾಗ ಉಗುರಿನಲ್ಲೇ ಕಿತ್ತು ಬಂತು.

ಪ್ರೈಮರ್ ಮತ್ತು ದಿನ

ಬರಿ ಲೋಹಕ್ಕೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್. ಮೈ ಸಮ ಮಾಡಲು ಹೊಡೆಯುವ ಮಾಮೂಲಿ ಬೂದು ಸರ್ಫೇಸರ್ ನೀರು ಹೀರುತ್ತದೆ, ಅದನ್ನು ಹೊಡೆದು ತಿಂಗಳುಗಟ್ಟಲೆ ಬಿಡಬಾರದು. ಪುಟ್ಟಿಯೂ ನೀರು ಹೀರುತ್ತದೆ, ಹಾಗಾಗಿ ಅದು ಎಪಾಕ್ಸಿಯ ಮೇಲೆ, ತೆಳ್ಳಗೆ.

ತಗಡಿನ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲೆ ಇರಬೇಕು ಅಂತ ಪೇಂಟಿನವರ ಲೆಕ್ಕ. 30 ಡಿಗ್ರಿ, 70 ಶೇಕಡಾ ತೇವಾಂಶದಲ್ಲಿ ಇಬ್ಬನಿ ಬಿಂದು ಸುಮಾರು 24, ಆರಾಮ. ಮಳೆಗಾಲದ 26 ಡಿಗ್ರಿ, 90 ಶೇಕಡಾದಲ್ಲಿ ಅದೂ ಸುಮಾರು 24, ಅಂತರ ಎರಡೇ. ಕಣ್ಣಿಗೆ ಕಾಣದ ನೀರಿನ ಮೇಲೆ ಪೇಂಟ್ ಹೊಡೆದ ಹಾಗೆ. ಡಿಸೆಂಬರ್, ಜನವರಿಯ ಮಧ್ಯಾಹ್ನ ನೋಡಿ. ಮೇಲಿನ ಪೇಂಟ್ 2ಕೆ, ಅಂದರೆ ಹಾರ್ಡ್‌ನರ್ ಬೆರೆಸುವಂಥದ್ದು ಆದರೆ, ಅದರ ಹಾರ್ಡ್‌ನರ್‌ನಲ್ಲಿ ಉಸಿರಿಗೆ ಅಪಾಯದ ಐಸೋಸಯನೇಟ್ ಇರುತ್ತದೆ, ಬಟ್ಟೆ ಮಾಸ್ಕ್ ಏನೇನೂ ಸಾಲದು, ಅದನ್ನು ವ್ಯವಸ್ಥೆ ಇರುವವರಿಗೇ ಬಿಟ್ಟೆ.

ಮತ್ತೆ ಬಾರದಿರಲು

ಉಕ್ಕಿನ ಬದಲು ಅದೇ ಸವೆಯಲಿ ಅಂತ ಮಲ್ಪೆಯ ಉಕ್ಕಿನ ಬೋಟುಗಳ ತಳಕ್ಕೆ ಸತುವಿನ ತುಂಡು ಕಟ್ಟುತ್ತಾರಲ್ಲ, ಕಾರಿಗೂ ಕಟ್ಟಿದರೆ ಆಗದೇ ಅಂತ ಮಾವ ಕೇಳಿದರು. ಆಗಲ್ಲ. ಬೋಟು ಯಾವಾಗಲೂ ನೀರಲ್ಲಿ ಮುಳುಗಿರುತ್ತದೆ, ಸತುವಿಗೂ ಉಕ್ಕಿಗೂ ನಡುವೆ ನೀರಿನ ದಾರಿ ಇರುತ್ತದೆ. ಕಾರಿಗೆ ಆ ದಾರಿ ಇಲ್ಲ.

ರನ್ನಿಂಗ್ ಬೋರ್ಡಿನ, ಬಾಗಿಲಿನ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಕ್ಕೆ ಹೊಡೆಯುವ ಮೇಣ) ಹೊಡೆದಿದ್ದೇನೆ. ಹಳೆ ಎಂಜಿನ್ ಆಯಿಲ್ ಹೊಡೆಯುವವರಿದ್ದಾರೆ, ಅದು ರಬ್ಬರ್ ಹಾಳು ಮಾಡುತ್ತದೆ. ಗಾಡಿಯ ತಳಕ್ಕೆ ದಪ್ಪ ಡಾಂಬರು ಬಳಿಸಿದ್ದವರು ಬಿರುಕು ಹುಡುಕಿ, ಅದರ ಹಿಂದೆ ನೀರು ಸಿಕ್ಕಿಹಾಕಿಕೊಂಡಿರುತ್ತದೆ. ಪ್ಲಾಸ್ಟಿಕ್ ಟಾರ್ಪಾಲು ಹೊದೆಸುವುದಂತೂ ಬೇಡವೇ ಬೇಡ, ಒಳಗೆ ಹಬೆ ಆಡುತ್ತದೆ. ಬೀಚಿಗೆ ಇಳಿಸುವುದನ್ನು ಮಾವ ಬಿಟ್ಟಿದ್ದಾರೆ, ಅಥವಾ ಹಾಗೆ ಹೇಳುತ್ತಾರೆ.

ಬಾಗಿಲಿನ ಕೆಳಗೆ ನೀರು ಇಳಿಯಲು ಸಣ್ಣ ತೂತುಗಳಿವೆ. ನಮ್ಮದರಲ್ಲಿ ಅವು ಕೆಂಪು ಮಣ್ಣು, ಗಾಳಿಮರದ ಎಲೆ ಸೇರಿ ಮುಚ್ಚಿ ಹೋಗಿದ್ದವು, ಬಾಗಿಲು ಅಲುಗಿಸಿದರೆ ಎಳನೀರಿನ ಬೊಂಡದ ಹಾಗೆ ಒಳಗೆ ನೀರಿನ ಸದ್ದು. ಈಗ ಹಿಡಿಸೂಡಿಯ (ಪೊರಕೆಯ) ಒಂದು ಕಡ್ಡಿ ಗ್ಲೋವ್ ಬಾಕ್ಸಿನಲ್ಲೇ ಇದೆ, ಜೋರು ಮಳೆ ಬಂದ ಮರುದಿನ ನಾಲ್ಕೂ ಬಾಗಿಲಿಗೆ ಚುಚ್ಚುತ್ತೇನೆ.