ಹೊಸ ಟೈರ್ ಉಬ್ಬಿದೆ, ಅಂಗಡಿಯವರು ‘ಗುಂಡಿಗೆ ಬಿದ್ದಿದೆ’ ಅಂತಾರೆ: ಈಗೇನು ಮಾಡುವುದು?

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಕಾರಿಗೆ ನಾಲ್ಕೂ ಹೊಸ ಟೈರ್ ಹಾಕಿಸಿದೆ. ಈಗ ಮುಂದಿನ ಒಂದು ಟೈರಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿದೆ. 80ರ ವೇಗ ದಾಟಿದರೆ ಸ್ಟೀರಿಂಗ್ ಕೂಡ ನಡುಗುತ್ತದೆ. ಹಾಕಿಕೊಟ್ಟ ಗ್ಯಾರೇಜಿನವರು ‘ಗುಂಡಿಗೆ ಬಿದ್ದಿದೆ ಸಾರ್, ವಾರಂಟಿ ಬರಲ್ಲ’ ಎಂದು ಕೈ ತೊಳೆದುಕೊಂಡರು. ಟೈರ್ ಬದಲಿಸಿಕೊಡುವಂತೆ ಕೇಳುವ ಹಕ್ಕು ನನಗಿಲ್ಲವೇ?

ಉತ್ತರ: ಕೇಳುವ ಹಕ್ಕು ಖಂಡಿತ ಇದೆ. ಆದರೆ ಅದಕ್ಕೂ ಮೊದಲು ಆ ಟೈರನ್ನು ಬಿಚ್ಚಿಸಿ ಸ್ಟೆಪ್ನಿ ಹಾಕಿಕೊಳ್ಳಿ. ಉಬ್ಬಿದ ಜಾಗದಲ್ಲಿ ಒಳಗಿನ ನೂಲು ತುಂಡಾಗಿರುತ್ತದೆ, ಗಾಳಿಯನ್ನು ತಡೆದಿಟ್ಟಿರುವುದು ಬರೀ ರಬ್ಬರು. ಹೆದ್ದಾರಿಯ ವೇಗದಲ್ಲಿ ಅದು ಒಡೆದರೆ ಸ್ಟೀರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಇದಕ್ಕೆ ಪಂಚರ್ ಪ್ಯಾಚ್ ಹಾಕಿ ರಿಪೇರಿ ಮಾಡುತ್ತೇವೆ ಎನ್ನುವವರ ಮಾತು ನಂಬಬೇಡಿ.

ಇನ್ನು ತಪ್ಪು ಯಾರದು ಎಂಬುದು. ಇದಕ್ಕೆ ಉತ್ತರ ಟೈರಿನ ಒಳಗಿದೆ, ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ರೇಡಿಯಲ್ ಟೈರಿನ ಪಕ್ಕದ ಗೋಡೆಯಲ್ಲಿ ಪಾಲಿಯೆಸ್ಟರ್ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಲಾಗಿ ಓಡಿರುತ್ತವೆ. ಚಕ್ರ ಗುಂಡಿಯ ಅಂಚಿಗೆ ಬಡಿದಾಗ ಈ ಗೋಡೆ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ, ನೂಲು ಕಡಿದುಹೋಗುತ್ತದೆ. ಉಬ್ಬು ಅಂದೇ ಕಾಣಬೇಕೆಂದೇನಿಲ್ಲ, ಕೆಲವು ವಾರಗಳ ನಂತರವೂ ಏಳಬಹುದು. ಹಾಗಾಗಿ ‘ಇತ್ತೀಚೆಗೆ ಎಲ್ಲೂ ಗುಂಡಿಗೆ ಬಿದ್ದಿಲ್ಲ’ ಎಂಬ ವಾದ ನಿಲ್ಲುವುದಿಲ್ಲ.

ಟೈರನ್ನು ರಿಮ್ಮಿನಿಂದ ಕಳಚಿಸಿ, ಟಾರ್ಚ್ ಹಿಡಿದು ಉಬ್ಬಿನ ನೇರಕ್ಕೆ ಒಳಮೈ ನೋಡಿ. ಅಲ್ಲಿ ಸೀಳು, ಜಜ್ಜಿದ ಗುರುತು, ಹೊರಬಂದ ನೂಲಿನ ಎಳೆ ಇದ್ದು, ಅದೇ ಜಾಗದಲ್ಲಿ ರಿಮ್ಮಿನ ತುಟಿ ಬಾಗಿದ್ದರೆ ಅದು ಹೊಡೆತದ ಗಾಯ. ಒಳಮೈ ನುಣುಪಾಗಿ, ಒಂದು ಗೀರೂ ಇಲ್ಲದೆ ಉಬ್ಬಿದ್ದರೆ, ಅಥವಾ ಟ್ರೆಡ್ಡಿನ (ರಸ್ತೆಗೆ ತಾಗುವ ಮೇಲ್ಮೈಯ) ಭಾಗವೇ ಪದರ ಬಿಟ್ಟು ಎದ್ದಿದ್ದರೆ ತಯಾರಿಕೆಯ ದೋಷದ ಅನುಮಾನ ಬಲವಾಗುತ್ತದೆ. ನೂಲಿನ ಪದರದ ಎರಡು ತುದಿ ಸೇರುವ ಜೋಡಣೆಯೇ ಬಿಟ್ಟುಕೊಂಡಿದ್ದರೆ ಅಂಚಿನಿಂದ ಮೇಲಕ್ಕೆ ನೇರ ಗೆರೆಯಂತೆ ಕಾಣುತ್ತದೆ. ಒಳಗೋಡೆಯಲ್ಲಿ ಸುತ್ತಲೂ ಬಳೆಯಂತೆ ಉಜ್ಜಿದ ಗುರುತು, ರಬ್ಬರಿನ ಪುಡಿ ಸಿಕ್ಕಿದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದಾರೆ ಎಂದು ಕಂಪನಿ ಕ್ಲೇಮ್ ತಿರಸ್ಕರಿಸುತ್ತದೆ. ಒಂದು ಮಾತು ಮುಚ್ಚಿಡದೆ ಹೇಳಬೇಕು: ನಮ್ಮ ರಸ್ತೆಗಳಲ್ಲಿ ಒಂದೇ ಟೈರಿನ ಪಕ್ಕದಲ್ಲಿ ಒಂದೇ ಉಬ್ಬು ಬಂದಿದ್ದರೆ ಬಹುತೇಕ ಅದು ಹೊಡೆತದ್ದೇ. ಆದರೆ ಒಂದೇ ವಾರ ತಯಾರಾದ ಎರಡು ಟೈರುಗಳಲ್ಲಿ ಇದೇ ತೊಂದರೆ ಬಂದಿದ್ದರೆ ನಿಮ್ಮ ಕೈ ಮೇಲಾಗುತ್ತದೆ.

ಉಬ್ಬಿನ ಬದಲು ಪಕ್ಕದಲ್ಲಿ ರಿಮ್ಮಿನಿಂದ ಟ್ರೆಡ್ಡಿನ ಕಡೆಗೆ ತಗ್ಗಿದ ಗೆರೆ ಕಂಡರೆ ಹೆದರಬೇಡಿ. ಪದರಗಳು ಒಂದರ ಮೇಲೊಂದು ಸೇರಿರುವಲ್ಲಿ ಗೋಡೆ ಕಡಿಮೆ ಹಿಗ್ಗುತ್ತದೆ, ಅಷ್ಟೇ. ಅದಕ್ಕೆ ಯಾರೂ ಟೈರ್ ಬದಲಿಸಿಕೊಡುವುದಿಲ್ಲ, ಬದಲಿಸುವ ಅಗತ್ಯವೂ ಇಲ್ಲ.

ನಡುಕದ ವಿಷಯವೇ ಬೇರೆ, ಇಲ್ಲಿ ಗ್ಯಾರೇಜಿನ ಹೊಣೆ ಹೆಚ್ಚು. ಉಬ್ಬಿದ ಟೈರ್ ತೆಗೆದ ಮೇಲೂ ನಡುಕ ಉಳಿದಿದೆಯೇ ನೋಡಿ. ನಡುಕಕ್ಕೆ ಅಲೈನ್‌ಮೆಂಟ್ ಮಾಡಿ ಹಣ ಪಡೆಯುವವರು ಬಹಳ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ವೇಗ ಏರಿದಾಗ ಮಾತ್ರ ಬರುವ ನಡುಕಕ್ಕೆ ಸಾಮಾನ್ಯ ಕಾರಣ ತಪ್ಪಿದ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮನಾಗಿಲ್ಲದಿರುವುದು), ಬಾಗಿದ ರಿಮ್, ಇಲ್ಲವೇ ಸರಿಯಾಗಿ ಕೂರದ ಟೈರ್. ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿಸಿ ಓಡಿಸಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂದರೆ ದೋಷ ಚಕ್ರದಲ್ಲೇ ಇದೆ, ಸಸ್ಪೆನ್ಷನ್ನಿನಲ್ಲಿ ಅಲ್ಲ.

ಆಮೇಲೆ ರಿಮ್ಮಿನ ಅಂಚಿಗೆ ತಾಗಿದಂತೆ ಟೈರಿನ ಮೇಲೆ ಸುತ್ತಲೂ ಓಡುವ ಸಣ್ಣ ಗೆರೆಯನ್ನು ಹುಡುಕಿ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಎಲ್ಲ ಕಡೆ ಒಂದೇ ಇರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ. ಅದು ಹಾಕಿದವರ ತಪ್ಪು, ಪುಕ್ಕಟೆಯಾಗಿ ಸರಿಮಾಡಿಕೊಡಬೇಕು. ಅಂಚಿನ ರಬ್ಬರ್ ಹರಿದಿದ್ದರೂ, ಬಾಣದ ಗುರುತಿರುವ ಟೈರನ್ನು ತಿರುಗುಮುರುಗು ಹಾಕಿದ್ದರೂ ಹಾಗೆಯೇ. ಬ್ಯಾಲೆನ್ಸಿಂಗ್ ಯಂತ್ರ ಒಂದೇ ಕಡೆ 60-70 ಗ್ರಾಂಗಿಂತ ಹೆಚ್ಚು ತೂಕದ ತುಂಡು ಅಂಟಿಸಲು ಕೇಳಿದರೆ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ಮತ್ತೆ ನೋಡಲು ಹೇಳಿ. ಆಗಲೂ ತೂಕ ಇಳಿಯದಿದ್ದರೆ ಟೈರ್ ಕಳಚಿ ಬರೀ ರಿಮ್ಮನ್ನು ಯಂತ್ರದ ಮೇಲೆ ತಿರುಗಿಸಿ ನೋಡಬೇಕು. ರಿಮ್ ನೆಟ್ಟಗಿದ್ದರೆ ದೋಷ ಟೈರಿನದ್ದೇ.

ಈಗ ಕ್ಲೇಮ್. ವಾರಂಟಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಅಂಗಡಿಯ ಹುಡುಗನ ಕೆಲಸವಲ್ಲ. ಟೈರ್ ಕಂಪನಿಯ ಸರ್ವಿಸ್ ಎಂಜಿನಿಯರ್ ನೋಡಿ ಹೇಳಬೇಕು. ಅಂಗಡಿಯವರ ಕೆಲಸ ದೂರು ದಾಖಲಿಸಿ ಕಂಪನಿಗೆ ಕಳಿಸುವುದು. ಅವರು ಒಪ್ಪದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ನೀವೇ ಫೋನ್ ಮಾಡಿ ದೂರು ಸಂಖ್ಯೆ ಪಡೆಯಿರಿ. ಕಾರಿನ ಜೊತೆಗೇ ಬಂದ ಟೈರಿಗೂ ಸಾಮಾನ್ಯವಾಗಿ ಕಾರ್ ಕಂಪನಿಯ ವಾರಂಟಿ ಅನ್ವಯಿಸುವುದಿಲ್ಲ, ಟೈರ್ ಕಂಪನಿಯದ್ದೇ ಬೇರೆ ಇರುತ್ತದೆ.

ಟೈರನ್ನು ಕೈಬಿಡುವ ಮೊದಲು ಫೋಟೊ ತೆಗೆದಿಡಿ: ಉಬ್ಬು, ಒಳಮೈ, ರಿಮ್ಮಿನ ಅಂಚು, ಓಡೋಮೀಟರ್, ಟೈರಿನ ಪಕ್ಕದಲ್ಲಿ ‘ಡಾಟ್’ (DOT) ಅಕ್ಷರಗಳ ನಂತರ ಬರುವ ಪೂರ್ತಿ ಸಂಕೇತ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 1425 ಎಂದಿದ್ದರೆ 2025ರ 14ನೇ ವಾರ. ಪೂರ್ತಿ ಸಂಕೇತ ಒಂದೇ ಬದಿಯಲ್ಲಿರುವುದೂ ಉಂಟು, ಹೊರಗೆ ಕಾಣದಿದ್ದರೆ ಒಳಬದಿ ನೋಡಿ. ಟೈರ್ ಕೊಟ್ಟದ್ದಕ್ಕೆ ಈ ಸಂಖ್ಯೆ ಬರೆದ ರಸೀದಿ ಬೇಕೇ ಬೇಕು. ಬಿಲ್ಲಿನಲ್ಲಿ ಬರೀ ‘4 ಟೈರ್’ ಎಂದಿದ್ದರೆ ಅದೇ ಟೈರ್ ಎಂದು ತೋರಿಸುವುದು ಕಷ್ಟ. ಆದ್ದರಿಂದ ಮುಂದೆ ಕೊಳ್ಳುವವರು ಬಿಲ್ಲಿನಲ್ಲೇ ಸಂಖ್ಯೆ ಬರೆಸಿಕೊಳ್ಳಿ.

ಕ್ಲೇಮ್ ಒಪ್ಪಿದರೂ ಸಾಮಾನ್ಯವಾಗಿ ಸವೆತದ ಪಾಲು ಕಳೆದೇ ಕೊಡುತ್ತಾರೆ. ಹೊಸದಾಗಿ 8 ಮಿ.ಮೀ. ಇದ್ದ ಟ್ರೆಡ್ಡಿನಲ್ಲಿ ಕೊನೆಯ 1.6 ಮಿ.ಮೀ. ಲೆಕ್ಕಕ್ಕಿಲ್ಲ, ಅದು ಕಾನೂನಿನ ಕನಿಷ್ಠ ಮಿತಿ. ಉಳಿದದ್ದು 6.4. ಈಗ 7.2 ಮಿ.ಮೀ. ಇದ್ದರೆ ಬಳಸಿದ್ದು 0.8, ಅಂದರೆ ಶೇ 12.5. ಟೈರಿನ ಬೆಲೆ 5,600 ರೂಪಾಯಿಯಾದರೆ 700 ರೂಪಾಯಿ ಕೊಟ್ಟು ಹೊಸದು ಪಡೆಯಬೇಕು. ಗೇಜ್ ಇಟ್ಟು ನಿಮ್ಮೆದುರೇ ಅಳೆಯಲಿ.

ಹೊಡೆತದ ಗಾಯವೆಂದೇ ಖಚಿತವಾದರೆ? ಕೆಲವು ಕಂಪನಿಗಳು ಕೆಲವು ಮಾದರಿಗಳಿಗೆ ‘ಅನ್‌ಕಂಡಿಷನಲ್ ವಾರಂಟಿ’ ಕೊಡುತ್ತವೆ. ಅದರಲ್ಲಿ ರಸ್ತೆಯ ಹೊಡೆತವೂ ಸೇರಿರಬಹುದು, ವಾರಂಟಿ ಕಾರ್ಡ್ ಓದಿ. ಸಾಮಾನ್ಯ ವಿಮೆಯಲ್ಲಿ ಟೈರ್ ಒಂದಕ್ಕೇ ಹಾನಿಯಾದರೆ ಏನೂ ಸಿಗುವುದಿಲ್ಲ. ಕಾರಿಗೂ ಜೊತೆಗೇ ಹಾನಿಯಾಗಿದ್ದರೆ ಟೈರಿನ ಅರ್ಧ ಬೆಲೆ ಸಿಗುತ್ತದೆ.

ಕಂಪನಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಟೈರನ್ನು ವಾಪಸ್ ತರಿಸಿಕೊಳ್ಳಿ. ‘ಯೂಸರ್ ಡ್ಯಾಮೇಜ್’ ಎಂಬ ಎರಡು ಪದ ಸಾಲದು, ಎಲ್ಲಿ ಏನು ಕಂಡಿತು ಎಂದು ತೋರಿಸಲಿ. ಒಪ್ಪಿಗೆಯಾಗದಿದ್ದರೆ ಅಂಗಡಿ ಮತ್ತು ಕಂಪನಿ ಎರಡಕ್ಕೂ 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಿ, ಅನೇಕ ಕಂಪನಿಗಳು ಈ ಹಂತದಲ್ಲೇ ಮಾತಿಗೆ ಬರುತ್ತವೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಟೈರ್ ಎಲ್ಲಿ ಕೊಂಡಿದ್ದರೂ ಸರಿ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಮಾರಿದವರು, ತಯಾರಿಸಿದವರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಆಯೋಗ ಟೈರನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ಪರೀಕ್ಷೆಯ ಶುಲ್ಕವನ್ನು ಮೊದಲು ನಿಮ್ಮಿಂದಲೇ ಕಟ್ಟಿಸಿಕೊಳ್ಳಬಹುದು. ವರದಿಗೆ 45 ದಿನದ ಅವಧಿ ಇರುತ್ತದೆ. ಹಾಗಾಗಿ ಆದೇಶ ಬರುವ ತನಕ ಆ ಟೈರನ್ನು ಗುಜರಿಗೆ ಹಾಕಬೇಡಿ. ಬಿಸಿಲು, ಎಣ್ಣೆ ತಾಗದ ಕಡೆ ಸಂಖ್ಯೆ ಕಾಣುವಂತೆ ಇಟ್ಟುಕೊಳ್ಳಿ.