ಹೊಲಿದವಳ ಹೆಸರಿಲ್ಲದ ಮದುವೆ ಗೌನು

ಬಾಸ್ಟನ್ನಿನ ಜಾನ್ ಎಫ್. ಕೆನಡಿ ಅಧ್ಯಕ್ಷೀಯ ಗ್ರಂಥಾಲಯದ ಮ್ಯೂಸಿಯಂ ಸಂಗ್ರಹದಲ್ಲಿ ದಂತವರ್ಣದ ರೇಷ್ಮೆ ಗೌನೊಂದಿದೆ. 1953ರ ಸೆಪ್ಟೆಂಬರ್ 12ರಂದು ನ್ಯೂಪೋರ್ಟಿನ ಚರ್ಚಿನಲ್ಲಿ ಜಾಕ್ವೆಲಿನ್ ಬೂವಿಯೇ ಅದನ್ನು ಉಟ್ಟು ಸೆನೆಟರ್ ಕೆನಡಿಯ ಕೈ ಹಿಡಿದಳು. ಸುಮಾರು 50 ಗಜ ಟಾಫೆಟಾ ಎಂಬ ಹೊಳಪಿನ ಗರಿಗರಿ ರೇಷ್ಮೆ, ಎದೆಯ ಮೇಲೆ ಒತ್ತೊತ್ತಾದ ಮಡಿಕೆಗಳು, ಲಂಗದ ತುಂಬ ಬಟ್ಟೆಯಲ್ಲೇ ಸುತ್ತಿದ ದೊಡ್ಡ ದೊಡ್ಡ ಹೂಗಳು. ಮರುದಿನದ ಪತ್ರಿಕೆಗಳಲ್ಲಿ ಈ ಗೌನಿನ ವರ್ಣನೆ ಧಾರಾಳವಾಗಿಯೇ ಬಂತು. ಹೊಲಿಸಿಕೊಂಡವಳು ಯಾರೆಂದು ಜಗತ್ತಿಗೆಲ್ಲ ಗೊತ್ತಾಯಿತು, ಹೊಲಿದವಳು ಯಾರೆಂದು ಕೇಳುವ ಗೋಜಿಗೆ ಹೋದವರು ಕಡಿಮೆ.

ಅವಳು ಆನ್ ಲೋ. ಅಲಬಾಮಾದ ಕ್ಲೇಟನ್ ಊರಿನವಳು, ಕಪ್ಪು ಜನಾಂಗದವಳು. ಅಜ್ಜಿ ಗುಲಾಮಗಿರಿಯಲ್ಲೇ ಹುಟ್ಟಿದಾಕೆ. ಅಜ್ಜಿ, ತಾಯಿ ಇಬ್ಬರೂ ಸಿರಿವಂತ ಬಿಳಿಯರ ಮನೆಯ ಹೆಂಗಸರಿಗೆ ಉಡುಪು ಹೊಲಿಯುತ್ತಿದ್ದರು. ಕತ್ತರಿಸಿ ಉಳಿದ ಚೂರುಗಳಲ್ಲಿ ಬಟ್ಟೆಯ ಹೂ ಕಟ್ಟುವುದನ್ನು ಆನ್ ಕಲಿತದ್ದು ಅವರ ಕಾಲಬುಡದಲ್ಲಿ. 1914ರಲ್ಲಿ ತಾಯಿ ತೀರಿಕೊಂಡಾಗ ರಾಜ್ಯಪಾಲರ ಹೆಂಡತಿಯ ನಾಲ್ಕು ಉಡುಪುಗಳು ಅರ್ಧಕ್ಕೆ ನಿಂತಿದ್ದವು. ಅವನ್ನು ಮುಗಿಸಿಕೊಟ್ಟವಳು ಹದಿಹರೆಯದ ಈ ಹುಡುಗಿಯೇ. 1917ರಲ್ಲಿ ನ್ಯೂಯಾರ್ಕಿನ ಹೊಲಿಗೆ ಶಾಲೆಗೆ ಸೇರಿದರೆ ಅಲ್ಲಿ ಅವಳನ್ನು ಉಳಿದ ವಿದ್ಯಾರ್ಥಿಗಳಿಂದ ದೂರ, ಬೇರೆ ಕೋಣೆಯಲ್ಲಿ ಕೂರಿಸಿದರು.

ಹೆಸರು ಮರೆಯಾಗುವುದು ಅವಳಿಗೆ ಹೊಸದಲ್ಲ. 1947ರ ಆಸ್ಕರ್ ಸಮಾರಂಭಕ್ಕೆ ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ತೊಟ್ಟ ಹೂಚಿತ್ರದ ಗೌನು ಆನ್ ಕೈಯದೇ. ಆದರೆ ಒಳಗಿನ ಲೇಬಲ್ಲಿನಲ್ಲಿದ್ದದ್ದು ಅಂಗಡಿಯ ಹೆಸರು.

ನ್ಯೂಪೋರ್ಟ್ ಮದುವೆಯ ಕೆಲಸ ಬಂದದ್ದು ಮದುಮಗಳ ತಾಯಿ ಹಳೆಯ ಗಿರಾಕಿಯಾದ್ದರಿಂದ. ಮದುವೆಗೆ ಇನ್ನು ಹತ್ತು ದಿನ ಇದೆ ಎನ್ನುವಾಗ ಪೈಪು ಒಡೆದು ಆನ್‌ಳ ಸ್ಟುಡಿಯೋಗೆ ನೀರು ನುಗ್ಗಿತು. ಮದುಮಗಳ ಗೌನೂ ಸೇರಿ ಹತ್ತು ಉಡುಪು ಹಾಳಾದವು. ಎರಡು ತಿಂಗಳು ಹಿಡಿದಿದ್ದ ಮದುವೆ ಗೌನನ್ನು, ಮತ್ತೆ ರೇಷ್ಮೆ ಕೊಂಡು, ಐದು ದಿನದಲ್ಲಿ ಇನ್ನೊಮ್ಮೆ ಹೊಲಿಸಿದಳು. 700 ಡಾಲರ್ ಲಾಭ ಬರಬೇಕಿದ್ದಲ್ಲಿ 2,200 ಡಾಲರ್ ನಷ್ಟವಾಯಿತು. ಈ ಸುದ್ದಿಯನ್ನು ಅವಳು ಮದುವೆ ಮನೆಯವರ ಕಿವಿಗೇ ಹಾಕಲಿಲ್ಲ. ಉಡುಪುಗಳನ್ನು ತಾನೇ ನ್ಯೂಪೋರ್ಟಿಗೆ ಹೊತ್ತು ತಂದಾಗ, ಕೆಲಸದವರು ಬರುವ ಹಿಂಬಾಗಿಲಿಗೆ ಹೋಗು ಎಂದರಂತೆ. ಮುಂಬಾಗಿಲಲ್ಲಿ ಬಿಡದಿದ್ದರೆ ಉಡುಪುಗಳ ಸಮೇತ ವಾಪಸ್ ಹೊರಟೆ ಎಂದಳು, ಬಾಗಿಲು ತೆರೆಯಿತು. ಈ ಇಡೀ ಕತೆಯಲ್ಲಿ ನನಗೆ ತುಂಬಾ ಹಿಡಿಸುವ ಗಳಿಗೆ ಇದು.

1961ರಲ್ಲಿ, ಜಾಕ್ವೆಲಿನ್ ಶ್ವೇತಭವನಕ್ಕೆ ಬಂದ ಮೇಲೆ, ಮಹಿಳಾ ಪತ್ರಿಕೆಯೊಂದು ಆ ಗೌನನ್ನು ಹೊಲಿದದ್ದು ಯಾರೋ ಕರಿಯ ದರ್ಜಿ ಹೆಂಗಸು, ದೊಡ್ಡ ಫ್ಯಾಷನ್ ಮನೆಯದಲ್ಲ ಎಂಬ ಧಾಟಿಯಲ್ಲಿ ಬರೆಯಿತು. ಆನ್‌ಗೆ ನೋವಾಯಿತು. ತನಗೆ ಪ್ರಚಾರದ ಹಂಬಲವಿಲ್ಲ, ಆದರೆ ಕರೆಯುವುದಾದರೆ ಹೆಸರಾಂತ ನೀಗ್ರೋ ವಿನ್ಯಾಸಕಿ ಎಂದು ಕರೆಯಲಿ ಎಂದು ನೇರ ಜಾಕ್ವೆಲಿನ್‌ಗೇ ಕಾಗದ ಬರೆದಳು. ಆಮೇಲಿನ ವರ್ಷಗಳು ಕಷ್ಟದವು. ತೆರಿಗೆ ಸಾಲ ಏರಿತು, ಗ್ಲಾಕೋಮಾ ಎಂಬ ಕಣ್ಣಿನ ರೋಗದಿಂದ ಒಂದು ಕಣ್ಣು ಹೋಯಿತು. ಹೆಸರು ಹೇಳದ ಯಾರೋ ಸಾಲ ತೀರಿಸಿದರು. ಅದು ಜಾಕ್ವೆಲಿನ್ನೇ ಎಂದು ಆನ್ ನಂಬಿದ್ದಳು. 1981ರಲ್ಲಿ ತೀರಿಕೊಂಡಳು.

ಅವಳ ಹೆಸರನ್ನು ಕಾಪಾಡಿದ ಕೀರ್ತಿ ದೊಡ್ಡ ಸಂಸ್ಥೆಗಳಿಗಿಂತ ಮೊದಲು ಸಲ್ಲಬೇಕಾದದ್ದು ಲೋಯಿಸ್ ಅಲೆಕ್ಸಾಂಡರ್ ಲೇನ್ ಅವರಿಗೆ. 1979ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರ ಫ್ಯಾಷನ್ ಮ್ಯೂಸಿಯಂ ಕಟ್ಟಿದಾಕೆ ಅವರು. ಆ ಸಂಗ್ರಹ 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮ್ಯೂಸಿಯಂ ಸಂಸ್ಥೆಯಾದ ಸ್ಮಿತ್ಸೋನಿಯನ್ನಿಗೆ ಸೇರಿತು. ಆನ್ ಹೊಲಿದ ಉಡುಪುಗಳೂ ಜೊತೆಗೆ ಹೋದವು.

ಮದುವೆ ಗೌನಿನ ಸ್ಥಿತಿ ಮಾತ್ರ ಬೇರೆ. ಹಳೆಯ ರೇಷ್ಮೆ ಬೆಳಕಿಗೆ ಬಣ್ಣಗೆಡುತ್ತದೆ, ನೂಲು ಬಿರುಸಾಗಿ ಮುರಿಯುತ್ತದೆ. ಮೇಲೆ 50 ಗಜದ ಭಾರ. ಬೊಂಬೆಗೆ ತೊಡಿಸಿ ನಿಲ್ಲಿಸಿದರೆ ತನ್ನ ತೂಕಕ್ಕೆ ತಾನೇ ಹರಿಯುವ ಭಯ. ಹೀಗಾಗಿ 2023ರಲ್ಲಿ ಡೆಲವೇರ್‌ನ ವಿಂಟರ್‌ಥರ್ ಮ್ಯೂಸಿಯಂ ಆನ್ ಲೋ ಹೆಸರಿನಲ್ಲೇ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಬಾಸ್ಟನ್ನಿನ ಗೌನು ಬರಲಿಲ್ಲ. ಡೆಲವೇರ್ ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಮೂಲವನ್ನು ಅಭ್ಯಾಸ ಮಾಡಿ, ಮಡಿಕೆ ಹೂಗಳನ್ನೆಲ್ಲ ಮತ್ತೆ ಹೊಲಿದು ಪ್ರತಿಕೃತಿ ತಯಾರಿಸಿದರು. ಆನ್ ಹೊಲಿದ ಸುಮಾರು 40 ಉಡುಪುಗಳ ಜೊತೆ ಜನ ನೋಡಿದ್ದು ಅದನ್ನು.