ಪತ್ತನಾಜೆಯ ಲೆಕ್ಕ ಮತ್ತು ಅಡಿಕೆಯ ಮದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಿಗೆ ಸಲಹೆಗಾರನಾಗಿ ಹೋಗುವ ನನಗೆ ಏಪ್ರಿಲ್ ಮುಗಿಯುವ ಮೊದಲೇ ಎದುರಾಗುವ ಪ್ರಶ್ನೆ, "ಅಣ್ಣ, ಈ ಸರ್ತಿ ಮದ್ದು ಬಿಡುವುದು ಯಾವಾಗ?" ಹಿಂದೆ ಇದನ್ನು ಯಾರೂ ಕೇಳುತ್ತಿರಲಿಲ್ಲ. ಮೇ 24ರ ಆಸುಪಾಸಿನ ಪತ್ತನಾಜೆಗೆ, ಅಂದರೆ ತುಳು ಬೇಶ ತಿಂಗಳ ಹತ್ತನೆಯ ದಿನಕ್ಕೆ, ಹತ್ತು ಹನಿ ಬೀಳುತ್ತದೆ, ಮಳೆಗಾಲ ಹಿಡಿಯಲು ಇನ್ನೂ ಒಂದು ವಾರವಿರುತ್ತದೆ, ಅಷ್ಟರಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲು ಮೊದಲ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸಿ ಮುಗಿಸಬೇಕು ಎಂಬ ಲೆಕ್ಕ ಮನೆಮನೆಯಲ್ಲಿತ್ತು.

ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಜೂನ್ 8ಕ್ಕೆ ಬಂತು, 2025ರಲ್ಲಿ ಮೇ 24ಕ್ಕೇ ಬಂತು. ಮುಂಗಾರು ಬಂತೆಂದು ಘೋಷಿಸಲು ಹವಾಮಾನ ಇಲಾಖೆ ಗಮನಿಸುವ 14 ಮಳೆಮಾಪನ ಕೇಂದ್ರಗಳಲ್ಲಿ ನಮ್ಮ ಕೂಡ್ಲು ಕೂಡ ಒಂದು. ಶೇಕಡಾ 60ರಷ್ಟು ಕೇಂದ್ರಗಳಲ್ಲಿ ಸತತ ಎರಡು ದಿನ ಕನಿಷ್ಠ 2.5 ಮಿಲಿಮೀಟರ್ ಮಳೆಯಾಗಿ, ಪಡುವಣ ಗಾಳಿಯೂ ಬಲಗೊಂಡ ಮೇಲಷ್ಟೇ ಘೋಷಣೆ. ಅಷ್ಟು ಹೊತ್ತಿಗೆ ಗೊನೆ ಒದ್ದೆಯಾಗಿರುವುದರಿಂದ, ಇಲಾಖೆ ಪ್ರತಿ ಗುರುವಾರ ಹೊರಡಿಸುವ ಎರಡು ವಾರಗಳ ಮುನ್ಸೂಚನೆಯೇ ಕೃಷಿಕರಿಗೆ ಹೆಚ್ಚು ಉಪಯುಕ್ತ.

ಒಂದು ವರ್ಷ ಮಳೆ ಬೇಗ ಬಂದುದನ್ನೇ ಹವಾಮಾನ ಬದಲಾವಣೆ ಎನ್ನಲು ನಾನು ಒಪ್ಪುವುದಿಲ್ಲ. ಹಿಂದು ಮುಂದಾಗುವುದು ಮುಂಗಾರಿನ ಹಳೆಯ ಸ್ವಭಾವ. ಬದಲಾದುದು ಮಳೆ ಸುರಿಯುವ ರೀತಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು, ಅರಬ್ಬಿ ಸಮುದ್ರವೂ ಬಿಸಿಯೇರುತ್ತಿದೆ. ಹೀಗಾಗಿ ಒಮ್ಮೆಲೇ ಸುರಿದು, ಬಳಿಕ ದಿನಗಟ್ಟಲೆ ಬಿಸಿಲು ಕಾಯುವುದು ಹೆಚ್ಚಿದೆ.

ಆದರೆ ಕೊಳೆರೋಗಕ್ಕೆ ಮಳೆಯ ಪ್ರಮಾಣಕ್ಕಿಂತ ಒದ್ದೆ ಎಷ್ಟು ದಿನ ಆರದೆ ಉಳಿಯಿತು ಎಂಬುದು ಮುಖ್ಯ. ಅದರ ಬೀಜಾಣುಗಳು ಕಾಯಿಯ ಮೇಲಿನ ತೆಳು ನೀರಿನ ಪದರದಲ್ಲಿ ಈಜಿ ಹೋಗಿ ಕಾಯಿಗೆ ಅಂಟುತ್ತವೆ. ಒಂದು ದಿನದ ಜಡಿಮಳೆಗಿಂತ ವಾರವಿಡೀ ಹನಿಯುತ್ತ, ನಡುನಡುವೆ ಬಿಸಿಲು ಇಣುಕುವ ತಂಪು ಹವೆಯೇ ಅಪಾಯಕಾರಿ.

ಮದ್ದು ಮಾಡುವಾಗಲೂ ಅವಸರ ಸಲ್ಲದು. 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣವನ್ನು ತಲಾ 50 ಲೀಟರ್ ನೀರಿನಲ್ಲಿ ಬೇರೆಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಎರಡನೆಯ ಮದ್ದಿಗೆ 40ರಿಂದ 45 ದಿನಗಳನ್ನು ಎಣಿಸಬೇಕಾದುದು ಮೊದಲ ಸಿಂಪಡಣೆಯ ದಿನದಿಂದ.

2025ರಲ್ಲಿ ಎಣ್ಮಕಜೆಯ ಒಂದು ತೋಟದಲ್ಲಿ ಅರ್ಧಕ್ಕೆ ಮಾತ್ರ ಮದ್ದು ಬಿಟ್ಟಾಗ ಮಳೆ ಹಿಡಿಯಿತು. ಜುಲೈಯಲ್ಲಿ ಮದ್ದು ಬಿದ್ದಿದ್ದ, ಗುಡ್ಡದ ಮೇಲಿನ ಅರ್ಧದಲ್ಲಿ ಮರದ ಬುಡ ಚೊಕ್ಕಟವಾಗಿತ್ತು. ಕೆಳಗಿನರ್ಧದಲ್ಲಿ ಕಾಲಿಟ್ಟಲ್ಲೆಲ್ಲ ತೊಟ್ಟು ಕೊಳೆತ ಕಾಯಿಗಳು ಜಾರುತ್ತಿದ್ದವು.